ಬನ್ನು ಉಸಿರೆಳೆಯುವ ಹೊತ್ತು

ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿ ಪಡೆಯಿತು. ಶಾಲಿಲ್ಲ, ಹಾರವಿಲ್ಲ, ನಾಲ್ಕು ಒಳ್ಳೆಯ ಮಾತಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ, ಅಷ್ಟೇ.

ಹಗರಿಬೊಮ್ಮನಹಳ್ಳಿಯ ಸ್ಟೇಷನ್ನಿಗೆ ಹೋಗುವ ರಸ್ತೆಯ ಬೇಕರಿಯೊಂದರಲ್ಲಿ ನಾನು ದುಡಿದದ್ದೆಲ್ಲ ಆ ಮೂಗಿನ ಕೈಕೆಳಗೆ. ಹಿಟ್ಟು ನಾದುವವರು ಬೇರೆ ಇದ್ದರು, ಭಟ್ಟಿ ನೋಡುವವರು ಬೇರೆ ಇದ್ದರು. ನನ್ನದು ವಾಸನೆ ಇಲಾಖೆ. ಅದಕ್ಕೆ ನಾನೇ ಮೇಲಧಿಕಾರಿ, ನಾನೇ ಗುಮಾಸ್ತ, ನಾನೇ ಜವಾನ. ಕಚೇರಿಯೆಂದರೆ ಗೋಡೆಯಲ್ಲಿದ್ದ ಒಂದು ಗೂಡು, ಅದಕ್ಕೊಂದು ಬಾಗಿಲು, ಬಾಗಿಲಿಗೊಂದು ಬೀಗ. ಒಳಗೆ ಕಂದು ಬಣ್ಣದ ಪುಟ್ಟ ಶೀಶೆಗಳು: ಏಲಕ್ಕಿ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ, ನಿಂಬೆ, ಚಕ್ಕೆ, ಪುದೀನ, ಗುಡೇಕೋಟೆ ಕಡೆಯವರೊಬ್ಬರು ತಂದುಕೊಡುತ್ತಿದ್ದ, ನಿಂಬೆಯಂತೆ ಘಮಿಸುವ ಮಜ್ಜಿಗೆ ಹುಲ್ಲಿನ ಎಣ್ಣೆ. ಬೇಕರಿಯಲ್ಲಿ ಬೀಗ ಇದ್ದದ್ದು ಎರಡಕ್ಕೇ, ಸಾವ್ಕಾರರ ದುಡ್ಡಿನ ಗಲ್ಲೆಗೆ ಮತ್ತು ನನ್ನ ಗೂಡಿಗೆ. ಇದನ್ನು ನಾನು ಬಹಳ ಕಾಲ ದೊಡ್ಡ ಗೌರವವೆಂದೇ ತಿಳಿದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಬೀಗ ಹಾಕಿಸಿದ್ದು ಇರುವೆಗಳಿಗೆ ಹೆದರಿ ಎಂದು.

ಹೊಸದಾಗಿ ಈ ಕಸುಬಿಗೆ ಬಂದ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: "ಎಷ್ಟು ಹನಿ ಹಾಕ್ಬೇಕ್ರಿ?" ಅದಕ್ಕೆ ಉತ್ತರ ಹೇಳಲೆಂದು ಇದನ್ನು ಬರೆಯಲು ಕೂತೆ. ಬರೆಯುತ್ತ ಹೋದಂತೆ ಉತ್ತರ ಹಿಂದೆ ಉಳಿದು ಮೂಗು ಮುಂದೆ ಹೋಯಿತು. ಮೂಗಿನ ಸ್ವಭಾವವೇ ಅದು. ಮುಖಕ್ಕಿಂತ ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತದೆ.

ನನ್ನನ್ನು ಕೆಲಸಕ್ಕೆ ಕರೆದವರು ಬೇಕರಿಯ ಸಾವ್ಕಾರ ಕೊಟ್ರಬಸಪ್ಪನವರು. ಆದರೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಭಟ್ಟಿಯ ಹಿರಿಯ ಉಸ್ತಾದ್ ಇಮಾಮಸಾಬರು. ಆಗ ಭಟ್ಟಿ ಸೌದೆಯದು. ಉಸ್ತಾದರು ಅದರ ಬಾಯಿಯ ಪಕ್ಕದಲ್ಲಿ ಮೋಡದೊಳಗೆ ಕೂತಂತೆ ಹೊಗೆಯಲ್ಲಿ ಕೂತಿದ್ದರು. ಮೈದಾ ಬಿದ್ದು ಬಿದ್ದು ಗಡ್ಡ ಯಾವುದು ಹಿಟ್ಟು ಯಾವುದು ಎಂದು ತಿಳಿಯುತ್ತಿರಲಿಲ್ಲ. ನನ್ನನ್ನು ಎದುರಿಗೆ ಕೂರಿಸಿ, "ಕಣ್ಣು ಮುಚ್ಚಲೇ ಬಸ್ಯಾ" ಅಂದರು. ಪೊರಕೆಯ ಕಡ್ಡಿಯೊಂದನ್ನು ಶೀಶೆಯಲ್ಲಿ ಅದ್ದಿ ಮೂಗಿನ ಮುಂದೆ ಹಿಡಿದರು.

"ಏನಿದು?"

"ಏಲಕ್ಕಿರಿ."

"ಇದು?"

"ನಿಂಬಿಹಣ್ಣು... ಅಲ್ರಿ, ಮಜ್ಜಿಗಿ ಹುಲ್ಲು."

"ಹ್ಞೂಂ. ಇದು?"

ಹೀಗೆ ಶೀಶೆಗಳೆಲ್ಲ ಮುಗಿದವು. ನಾನು ಎಲ್ಲವನ್ನೂ ಸರಿಯಾಗಿ ಹೇಳಿ, ಕಣ್ಣು ಮುಚ್ಚಿಕೊಂಡೇ ಒಳಗೊಳಗೆ ಬೀಗುತ್ತಿದ್ದೆ. ಕೊನೆಗೆ ಉಸ್ತಾದರು ಮತ್ತೊಮ್ಮೆ, "ಈಗ?" ಅಂದರು. ಮೂಗಿನ ಮುಂದೆ ಕಡ್ಡಿ ಇರಲಿಲ್ಲ. ನಾನು ಗಾಳಿಯನ್ನು ಹುಡುಕಿದೆ. ಎಲ್ಲೋ ದೂರದಿಂದ, ಕಹಿಯಾದ ಒಂದು ಎಳೆ ಬಂತು.

"ಏನೋ ಸೀಯಾಕತ್ತೈತ್ರಿ."

ಉಸ್ತಾದರು ನಕ್ಕರು. ಹಿಟ್ಟಿನ ಸಣ್ಣ ಉಂಡೆಯೊಂದನ್ನು ಬೇಕೆಂದೇ ಭಟ್ಟಿಯ ಒಳಮೂಲೆಗೆ ತಳ್ಳಿದ್ದರಂತೆ. "ಅರೇ ಶಾಬಾಸ್! ಇದು ಗೊತ್ತಾಗ್ಲಿಲ್ಲಂದ್ರ ಉಳಿದದ್ದೆಲ್ಲಾ ಗೊತ್ತಿದ್ದೂ ದಂಡ ನೋಡು. ನಾಳಿಂದ ಬಾ" ಅಂದರು. ನನ್ನ ನೇಮಕಾತಿ ಹೀಗೆ ಒಂದು ಸೀದ ಉಂಡೆಯ ಸಮ್ಮುಖದಲ್ಲಿ ನಡೆಯಿತು.

ಅವರು ಕಲಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಗುಟ್ಟೇನಿಲ್ಲ. ಎಣ್ಣೆಯನ್ನು ನೀರಿಗೆ ಬಿಡಬಾರದು; ಅದು ಮೇಲೆ ತೇಲಿ, ಒಂದು ಬನ್ನಿಗೆ ಹಬ್ಬ, ಇನ್ನೊಂದಕ್ಕೆ ಉಪವಾಸ ಮಾಡುತ್ತದೆ. ಮೊದಲು ಸಕ್ಕರೆಯಲ್ಲಿ ತಿಕ್ಕಬೇಕು, ಇಲ್ಲವೇ ಬೆಣ್ಣೆಗೋ ಡಾಲ್ಡಾಕ್ಕೋ ಸೇರಿಸಬೇಕು. ಕಿತ್ತಳೆ, ನಿಂಬೆಗಳಾದರೆ ಹನಿಯ ಲೆಕ್ಕ. ಚಕ್ಕೆಯಂಥ ಜೋರಿನವಕ್ಕೆ ಹನಿಯೂ ಹೆಚ್ಚು. ಕಡ್ಡಿ ಅದ್ದಿ, ಆ ಕಡ್ಡಿಯನ್ನು ಬೆಣ್ಣೆಗೆ ತೋರಿಸಿದರೆ ಸಾಕು. "ತೋರಿಸು ಅಂದ್ರ ತೋರಿಸು, ಸ್ನಾನ ಮಾಡಿಸ್ಬ್ಯಾಡ" ಎನ್ನುತ್ತಿದ್ದರು. ಇನ್ನೊಂದು ಮಾತು: ತಿನ್ನುವ ಎಣ್ಣೆ ಬೇರೆ, ಪೂಸುವ ಎಣ್ಣೆ ಬೇರೆ. ವಾಸನೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಯಾವುದನ್ನೂ ಹೊಟ್ಟೆಗೆ ಕಳಿಸಬಾರದು.

ಇವೆಲ್ಲ ಯಾವ ಉಸ್ತಾದರಾದರೂ ಹೇಳುವಂಥವು. ಇಮಾಮಸಾಬರು ಮಾತ್ರ ಹೇಳುತ್ತಿದ್ದ ಒಂದು ಸಂಗತಿಯಿದೆ. ಭಟ್ಟಿಯೊಳಗಿದ್ದಾಗ ಬನ್ನು ಉಸಿರು ಬಿಡುತ್ತದೆ. ಆಗ ನೀವು ಏನು ವಾಸನೆ ಕೊಟ್ಟರೂ ಅರ್ಧವನ್ನು ಹೊರಗೆ ಊದಿಬಿಡುತ್ತದೆ. ಹೊರಗೆ ತೆಗೆದಿಟ್ಟು ಆರುತ್ತಿರುವಾಗ ಉಸಿರು ಒಳಗೆ ಎಳೆಯುತ್ತದೆ. "ಆಗ ಅದರ ಮುಂದ ಏನೈತೋ ಅದನ್ನ ಕುಡಿತೈತಿ. ಹೊಗಿ ಇದ್ರ ಹೊಗಿ, ಹೂವು ಇದ್ರ ಹೂವು. ಆರಾಕ ಇಟ್ಟ ಬನ್ನಿನ ಮುಂದ ಬೀಡಿ ಸೇದಿದ್ರ ಕೈ ಮುರಿತೀನಿ." ನಾನು ಆರುತ್ತಿರುವ ಬನ್ನಿಗೆ ಕಿವಿ ಕೊಟ್ಟು ಕೇಳಿದ್ದೇನೆ. ಸಣ್ಣಗೆ ಚಿಟಿಚಿಟಿ ಎನ್ನುತ್ತದೆ, ನಿದ್ದೆಯಲ್ಲಿ ಮಗು ತುಟಿ ಆಡಿಸಿದ ಹಾಗೆ. ಆ ಹೊತ್ತಿನಲ್ಲಿ ನಮ್ಮ ಬೇಕರಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮಾತಿನ ವಾಸನೆಯೂ ಹತ್ತುತ್ತದೆಂದು ಉಸ್ತಾದರು ಹೆದರಿಸಿಟ್ಟಿದ್ದರು. ನಂಬುವವರು ನಂಬಿದೆವು, ನಂಬದವರೂ ಮೆಲ್ಲಗೇ ಮಾತಾಡಿದರು.

ಗಾಳಿ ಸ್ಟೇಷನ್ನಿನ ಕಡೆಗೆ ಬೀಸಿದ ದಿನ ನಮ್ಮ ಏಲಕ್ಕಿ ಪ್ಲಾಟ್‌ಫಾರ್ಮಿನವರೆಗೆ ಹೋಗುತ್ತಿತ್ತು. ರೈಲಿನಲ್ಲಿ ತೂಗಿಕೊಂಡು ಬಂದವರು ಬೋರ್ಡು ನೋಡುವ ಮೊದಲೇ ಕಣ್ಣು ಬಿಟ್ಟು, "ಬೊಮ್ಮನಳ್ಳಿ ಬಂತೇಳ್ರಿ" ಎಂದು ಚೀಲ ಇಳಿಸುತ್ತಿದ್ದರಂತೆ. ಇದನ್ನು ಹೇಳಿದ್ದು ನಮ್ಮ ಸಾವ್ಕಾರರು, ಆದ್ದರಿಂದ ಅರ್ಧ ಕಳೆಯಿರಿ. ಉಳಿದ ಅರ್ಧವೂ ನನಗೆ ಸಾಕಷ್ಟಾಯಿತು.

ಈ ಸಾವ್ಕಾರರ ಹಲ್ಲಿನ ಕಥೆಯನ್ನು ಬಿಡುವಂತಿಲ್ಲ. ಅವರಿಗೆ ದವಡೆ ಹಲ್ಲಿನ ನೋವು. ಅದಕ್ಕೆಂದು ಲವಂಗದ ಎಣ್ಣೆ ತಂದು ಗಲ್ಲೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಒಂದು ದಿನ ಆ ಶೀಶೆಯ ಮುಚ್ಚಳ ಒಡೆಯಿತು. ಏಲಕ್ಕಿ ಎಣ್ಣೆಯ ಖಾಲಿ ಶೀಶೆಯೊಂದು ಕೈಗೆ ಸಿಕ್ಕಿತು. ಮಿತವ್ಯಯದ ಮನುಷ್ಯ, ಅದಕ್ಕೆ ಸುರಿದಿಟ್ಟರು. ಅದೇ ದಿನ ನಾನು ಬಂಧುಗಳ ಮನೆಯ ಕಾರ್ಯಕ್ಕೆಂದು ಕೂಡ್ಲಿಗಿಗೆ ಹೋಗಿದ್ದೆ, ಉಸ್ತಾದರು ಜ್ವರದಿಂದ ಮಲಗಿದ್ದರು. ಕೊಟ್ಟೂರಿನ ಒಂದು ಮನೆಯ ನಿಶ್ಚಿತಾರ್ಥಕ್ಕೆ ಏಲಕ್ಕಿ ನಾನ್‌ಖಟಾಯಿ ಹೇಳಿದ್ದರು. ವಾಸನೆ ಇಲಾಖೆಯನ್ನು ಸಾವ್ಕಾರರೇ ವಹಿಸಿಕೊಂಡರು. ಮೂಗಿಗೆ ಅಂದು ನೆಗಡಿ, ಕೈಗೆ ಸಿಕ್ಕಿದ್ದು ಆ ಶೀಶೆ, ಅದರಲ್ಲಿ ಸುರಿದಿಟ್ಟದ್ದು ಮರೆತೇಹೋಗಿತ್ತು. ಕಡ್ಡಿಯಿಂದಲ್ಲ, ಚಮಚದಿಂದ ಹಾಕಿದರು.

ಮರುದಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟೂರಿನ ಬಸ್ಸಿನಲ್ಲಿ ಕೂತೆ. ಊರು ದಾಟಿ ಬಸ್ಸು ಕುಲುಕಿದಾಗ ಮುಚ್ಚಳದ ಸಂದಿಯಿಂದ ಲವಂಗ ಬಂತು. ಕುಲುಕಿದಷ್ಟೂ ಬಂತು. ಬಸ್ಸು ಹಿಂದಕ್ಕೆ ಹೋಗುವುದಿಲ್ಲ. ನಾನ್‌ಖಟಾಯಿಯಂತೂ ಮೊದಲೇ ಹೋಗುವುದಿಲ್ಲ. ಮನೆ ಮುಟ್ಟಿದ ಕೂಡಲೇ ಅಲ್ಲಿನ ಹಿರಿಯರಿಗೆ, "ಯಜಮಾನ್ರೇ, ಲವಂಗ ಭಾಳ ಜಾಸ್ತಿ ಆಗೈತ್ರಿ, ಕೊಡಬ್ಯಾಡ್ರಿ" ಎಂದು ಕೈಮುಗಿದೆ. "ಲವಂಗ ಒಳ್ಳೇದು ಬಿಡಪಾ, ಪಚನ ಆಕ್ಕೈತಿ" ಎಂದು ಅವರು ನಿಂತಲ್ಲೇ ಎರಡು ಬಾಯಿಗೆ ಹಾಕಿಕೊಂಡರು. ಹಿರಿಯರು ತಿಂದ ಮೇಲೆ ಉಳಿದವರು ಬಿಡುತ್ತಾರೆಯೇ?

ಆ ಹೊತ್ತಿಗೆ ಎರಡೂ ಕಡೆಯವರು ಮದುವೆ ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಎಂದು ಏರುದನಿಯಲ್ಲಿ ವಾದಿಸುತ್ತಿದ್ದರು. ನೋಡನೋಡುತ್ತ ದನಿ ಇಳಿಯಿತು. ಲವಂಗಕ್ಕೆ ಜೋಮು ಹಿಡಿದ ನಾಲಿಗೆ ಯಾರದೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗಂಡಿನ ಸೋದರಮಾವ ಏನೋ ಆಕ್ಷೇಪ ಎತ್ತಲು ಬಾಯಿ ತೆರೆದು, ದವಡೆಯನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಸುಮ್ಮನೆ ತಲೆ ಆಡಿಸಿದ. ಹೆಣ್ಣಿನ ಕಡೆಯವರೂ ಆಡಿಸಿದರು. ಹೀಗೆ ಎಲ್ಲರೂ ಗಂಭೀರವಾಗಿ ತಲೆ ಆಡಿಸಿಕೊಂಡು, ಎಲೆ ಅಡಿಕೆ ಬದಲಾಯಿಸಿಕೊಂಡು ಎದ್ದರು; ಅಂಥ ಶಾಂತ ನಿಶ್ಚಿತಾರ್ಥವನ್ನು ನಾನು ಮತ್ತೆ ಕಾಣಲಿಲ್ಲ. ಮದುವೆ ಹರಪನಹಳ್ಳಿಯಲ್ಲಾಯಿತು. ಆ ದಂಪತಿಗಳು ಈಗಲೂ ಸುಖವಾಗಿದ್ದಾರೆ. ಸಾವ್ಕಾರರು ಕೊನೆಯವರೆಗೂ ಅದರ ಶ್ರೇಯಸ್ಸಿನಲ್ಲಿ ತಮ್ಮ ಹಲ್ಲಿಗೂ ಪಾಲು ಕೇಳುತ್ತಿದ್ದರು.

ಮಲ್ಲಿಗೆಯ ವಿಷಯ ಬಂದದ್ದು ಹಾಲಮ್ಮನಿಂದ. ಹಡಗಲಿಯ ಹೂವಿನ ತೋಟಗಳಲ್ಲಿ ಮೊಗ್ಗು ಬಿಡಿಸಿ, ಕಟ್ಟಿ, ಬುಟ್ಟಿಯಲ್ಲಿ ತಂದು ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ಹೆಂಗಸು. ಬುಟ್ಟಿ ಖಾಲಿಯಾದ ಮೇಲೆ ಒಂದು ಬನ್ನು, ಒಂದು ಚಹಾ. ಒಂದು ದಿನ ನಾನು, "ಏನ್ ಹಾಲಮ್ಮ, ನೀ ಬಂದ್ರ ನಮ್ಮ ಏಲಕ್ಕಿ ಮುಖ ಮುಚ್ಚಿಕೊಳ್ತೈತಿ, ಅಷ್ಟು ಘಮ ನಿಂದು" ಅಂದೆ.

"ಹೌದೇನ್ರೀ ಅಣ್ಣಾರ? ನನಗೇನೂ ಗೊತ್ತಾಗಂಗಿಲ್ಲ ನೋಡ್ರಿ" ಅಂದಳು.

ತಮಾಷೆಯೆಂದುಕೊಂಡೆ. ಅಲ್ಲ. ಮದುವೆಯಾಗಿ ಹಡಗಲಿಗೆ ಬಂದ ಹೊಸದರಲ್ಲಿ ಮಲ್ಲಿಗೆಯ ವಾಸನೆಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಬರಬರುತ್ತ ವಾಸನೆ ತೆಳುವಾಗುತ್ತ ಹೋಗಿ, ಒಂದು ದಿನ ಇಲ್ಲವೇ ಇಲ್ಲ. ಹೂವು ಕಟ್ಟುವ ಎಲ್ಲ ಹೆಂಗಸರದೂ ಇದೇ ಕಥೆ. "ಮಂದಿ ಮೂಸಿ ನೋಡಿ ಕಣ್ಣು ಮುಚ್ಚುತಾರ. ನಾವು ಅವ್ರ ಮುಖ ನೋಡಿ, ಓಹೋ ಇವತ್ತು ಹೂವು ಚಲೋ ಅದಾವು ಅಂತ ತಿಳ್ಕೊಂತೀವಿ" ಎಂದು ನಕ್ಕಳು. ಬನ್ನು ಮುರಿಯುತ್ತ, "ಇದ್ರಾಗ ಏಲಕ್ಕಿ ಹಾಕ್ತೀರಲ್ಲ, ನಮ್ಮ ಮಲ್ಲಿಗಿ ಹಾಕಾಕ ಬರಂಗಿಲ್ಲೇನು? ತಿಂದ್ರರ ಗೊತ್ತಾಗ್ತೈತೇನೋ" ಅಂದಳು.

ಇದನ್ನು ಉಸ್ತಾದರಿಗೂ ಸಾವ್ಕಾರರಿಗೂ ಹೇಳಿದೆ. ಸಾವ್ಕಾರರು ಎಂದಿನ ಉತ್ಸಾಹದಲ್ಲಿ ಸಂತೆಯಿಂದ ಅತ್ತರಿನ ಶೀಶೆ ತಂದರು. "ಮೈಗೆ ಹಚ್ಚೋದ್ನ ಹೊಟ್ಟಿಗೆ ಹಾಕ್ತೀರೇನ್ ಸಾವ್ಕಾರ್ರೇ?" ಎಂದು ಉಸ್ತಾದರು ಅದನ್ನು ಅವರ ಅಂಗಿಗೇ ಹಚ್ಚಿ ಕಳಿಸಿದರು. ಹೂವಿನ ಎಸಳನ್ನೇ ಹಿಟ್ಟಿಗೆ ಹಾಕಿ ಬೇಯಿಸಿ ನೋಡಿದೆವು. ಸಂಜೆಯ ಹಾರ ಮರುದಿನ ಬೆಳಿಗ್ಗೆ ಬಾಡಿದಂತೆ ಇತ್ತು, ರುಚಿಯೂ ಹಾಗೆಯೇ. ಮಲ್ಲಿಗೆ ಬಿಸಿ ತಾಳುವುದಿಲ್ಲ. ಕೊನೆಗೆ ಉಸ್ತಾದರು ತಟ್ಟೆಯಲ್ಲಿ ಬೆಣ್ಣೆ ಹರಡಿ, ಮೇಲೆ ತೆಳ್ಳನೆ ಬಟ್ಟೆ ಹಾಕಿ, ಅದರ ಮೇಲೆ ಮದ್ದು ಹೊಡೆಯದ ತೋಟದ ಮೊಗ್ಗುಗಳನ್ನು ಸಾಲಾಗಿ ಮಲಗಿಸಿ ಮುಚ್ಚಿಟ್ಟರು. ಹಳೆಯ ಹೂವು ತೆಗೆದು ಹೊಸ ಹೂವು, ಮತ್ತೆ ಹೊಸ ಹೂವು. ಹೂವಿನಿಂದ ಎಣ್ಣೆ ತೆಗೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ; ಕದಿಯುವ ಕೆಲಸವನ್ನು ಬೆಣ್ಣೆಗೇ ವಹಿಸಿದೆವು.

ಆ ಬೆಣ್ಣೆಯನ್ನು ಹಿಟ್ಟಿಗೆ ಹಾಕಲಿಲ್ಲ. ಬನ್ನನ್ನು ಬರಿದಾಗಿ ಬೇಯಿಸಿ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೊರಗೆ ತೆಗೆದೆವು. ಬೆಳಿಗ್ಗೆ ಬಿಡಿಸಿದ ಮೊಗ್ಗು ಬಾಯಿ ಬಿಡುವುದು ಆ ಹೊತ್ತಿನಲ್ಲೇ. ಬೆಣ್ಣೆ ಸವರಿದ ಬೆಚ್ಚನೆಯ ಬನ್ನುಗಳನ್ನು ಕೋಣೆಯಲ್ಲಿ ಸಾಲಾಗಿ ಇಟ್ಟು, ಮೇಲೆ ತೆಳ್ಳನೆ ಬಟ್ಟೆ, ಬಟ್ಟೆಯ ಮೇಲೆ ಅರಳುತ್ತಿರುವ ಮೊಗ್ಗು. ಬಾಗಿಲು ಹಾಕಿದೆವು. ಮೊಗ್ಗು ಉಸಿರು ಬಿಡುವ ಹೊತ್ತು, ಬನ್ನು ಉಸಿರು ಎಳೆಯುವ ಹೊತ್ತು. ಉಸ್ತಾದರು ಬಾಗಿಲಿಗೆ ಬೆನ್ನು ಕೊಟ್ಟು, ಒಳಗೆ ಯಾರೋ ಮಲಗಿದ್ದಾರೆಂಬಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

ಮರುದಿನ ಹಾಲಮ್ಮ ಒಂದು ತುತ್ತು ಕಚ್ಚಿದಳು. ಅಗಿಯುವುದು ನಿಂತಿತು. ಬುಟ್ಟಿಯನ್ನು ಕೆಳಗಿಟ್ಟಳು. "ಯವ್ವಾ... ಹಿಂಗಿರ್ತಿತ್ತು ನೋಡ್ರಿ" ಅಂದಳು. ಉಳಿದ ಬನ್ನನ್ನು ಎಲೆಯಲ್ಲಿ ಕಟ್ಟಿಕೊಂಡು ಹೋದಳು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಬೇಸಿಗೆಯ ಕೊನೆಯ ದೊಡ್ಡ ಕೊಯ್ಲಿನ ದಿನ ಹಾಲಮ್ಮ ಮೊಗ್ಗು ತಂದು ಕೊಡುವುದು, ನಾವು ಬನ್ನು ಮಾಡುವುದು, ವರ್ಷವೆಲ್ಲ ಊರಿಗೆ ಹೂವು ಕಟ್ಟಿಕೊಟ್ಟ ಹೆಂಗಸರು ತೋಟದ ಬದುವಿನಲ್ಲಿ ಸಾಲಾಗಿ ಕೂತು ತಿನ್ನುವುದು. ಆ ಬನ್ನನ್ನು ಗಾಜಿನ ಕಪಾಟಿನಲ್ಲಿ ಯಾವತ್ತೂ ಇಡಲಿಲ್ಲ. ಸಾವ್ಕಾರರಿಗೆ ಆಸೆಯಿತ್ತು, ಉಸ್ತಾದರು ನೋಡಿದ ನೋಟಕ್ಕೆ ಆಸೆ ಆರಿತು.

ಇದರಿಂದ ನನ್ನ ಸಂಸಾರದಲ್ಲಿ ಎದ್ದ ಬಿರುಗಾಳಿಯನ್ನೂ ದಾಖಲಿಸಬೇಕು. ನನ್ನ ಹೆಂಡತಿ ಶಾಂತಾ ನನ್ನ ಅಂಗಿ ಒಗೆಯಲು ತೆಗೆದುಕೊಂಡಾಗಲೇ ಬೇಕರಿಯ ದಿನಚರಿ ಓದಿಬಿಡುತ್ತಿದ್ದಳು. "ಇವತ್ತು ಕಿತ್ತಳಿ ಕೇಕು... ಬೆಳಿಗ್ಗೆ ಚಕ್ಕಿ ಟೋಸ್ಟು." ಒಮ್ಮೆಯೂ ತಪ್ಪಿದವಳಲ್ಲ. ಮಲ್ಲಿಗೆಯ ಪ್ರಯೋಗ ಶುರುವಾದ ವಾರ ಅಂಗಿಯನ್ನು ಮೂಸಿ, ಮಡಚಿ, ನನ್ನ ಮುಂದೆ ಇಟ್ಟಳು.

"ಯಾರಾಕಿ?"

"ಯಾರೂ ಇಲ್ಲ, ಬನ್ನು."

"ಬನ್ನು ಮಲ್ಲಿಗಿ ಮುಡ್ಕೊಂತೈತೇನು?"

ಮರುದಿನ ಬನ್ನನ್ನೇ ಸಾಕ್ಷಿಯಾಗಿ ತಂದು ಹಾಜರುಪಡಿಸಿದೆ. ಆಕೆ ಸಾಕ್ಷಿಯನ್ನು ಪೂರ್ತಿಯಾಗಿ ತಿಂದು, ನನ್ನನ್ನು ಬಿಡುಗಡೆ ಮಾಡಿದಳು.

ವರ್ಷಗಳು ಹೋದವು. ಉಸ್ತಾದರು ತೀರಿಕೊಂಡರು. ಸೌದೆಯ ಭಟ್ಟಿ ಹೋಗಿ ಕರೆಂಟಿನದು ಬಂತು. ಅದು ಒಳ್ಳೆಯ ನೌಕರ, ಬೈದರೂ ಬೇಸರಿಸುವುದಿಲ್ಲ, ಹೊಗಳಿದರೂ ಹಿಗ್ಗುವುದಿಲ್ಲ. ಪೈನಾಪಲ್, ಸ್ಟ್ರಾಬೆರಿ ಎಸೆನ್ಸುಗಳ ದೊಡ್ಡ ಬಾಟಲಿಗಳು ಬಂದವು. ಆ ಹಣ್ಣುಗಳ ಗಿಡವನ್ನೇ ನೋಡದ ನಾವು ಅವುಗಳ ಕೇಕು ಮಾರಿದೆವು. ನಾನು ಅದಕ್ಕೆ ಕೊರಗಲಿಲ್ಲ; ಮಕ್ಕಳು ನಾಲಿಗೆ ಕೆಂಪು ಮಾಡಿಕೊಂಡು ಕುಣಿಯುವುದನ್ನು ನೋಡಿ ಯಾರಾದರೂ ಕೊರಗುತ್ತಾರೆಯೇ? ನನ್ನ ಗೂಡು ಮಾತ್ರ ಹಾಗೆಯೇ ಇತ್ತು.

ಆಮೇಲೆ ಆ ಜ್ವರ ಬಂತು, ಊರಿಗೆ ಊರೇ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ ಕಾಲದ್ದು. ನಾನು ಮಲಗಿದೆ, ಎದ್ದೆ. ಎದ್ದವನು ಬೇಕರಿಗೆ ಹೋಗಿ ಗೂಡು ತೆರೆದು ಏಲಕ್ಕಿ ಎಣ್ಣೆಯ ಮುಚ್ಚಳ ತಿರುಗಿಸಿದೆ. ನೀರು. ಶೀಶೆ ಕಳಿಸಿದವರನ್ನು ಬೈದುಕೊಂಡು ಕಿತ್ತಳೆ ತೆರೆದೆ. ನೀರು. ಎಲ್ಲ ಶೀಶೆಗಳನ್ನೂ ತೆರೆದು ನಿಂತೆ. ಊಟದ ಡಬ್ಬಿ ಕೊಡಲು ಬಂದ ಶಾಂತಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಏನ್ರೀ ಇದು, ಎಲ್ಲಾ ಒಮ್ಮೆಗೆ ತೆಗ್ದು? ತಲಿ ತಿರುಗಾಕತ್ತೈತಿ!"

ಆಗ ಗೊತ್ತಾಯಿತು, ಶೀಶೆಗಳು ಸರಿಯಾಗಿಯೇ ಇವೆ ಎಂದು.

ಡಾಕ್ಟರು, "ಬರಬಹುದು, ಬರದೇನೂ ಇರಬಹುದು" ಅಂದರು. ಈ ಉತ್ತರವನ್ನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದರೂ ಸಿಗುತ್ತಿತ್ತು. ಸಾವ್ಕಾರರಿಗೆ ಅಂದೇ ಹೇಳಿದೆ. ಅವರಿಗೂ ಆಗ ವಯಸ್ಸಾಗಿತ್ತು. ಗಲ್ಲೆಯ ಮೇಲೆ ಬೆರಳು ಬಡಿದು, "ಬ್ಯಾಸಿಗಿ ಮುಗಿಯೋತನಕ ನೋಡೂಣು ಬಸಪ್ಪ. ಹಾಲಮ್ಮನ ಬನ್ನು ನಿನಗ ಮಾಡಾಕ ಬಂದ್ರ ಗೂಡು ನಿಂದು. ಇಲ್ಲಾಂದ್ರ ಎಸೆನ್ಸಿನಾಗ ನಡಸ್ತೀವಿ. ಗೂಡು ಮುಚ್ಚಿ ಮನಿಗಿ ಹೋಗಿ ಆರಾಮಿರು" ಅಂದರು. ಮೆತ್ತಗೇ ಅಂದರು. ಮೆತ್ತಗೆ ಅಂದದ್ದೇ ಹೆಚ್ಚು ನಾಟಿತು.

ಆ ತಿಂಗಳುಗಳಲ್ಲಿ ಕನಸುಗಳು ಬರುತ್ತಿದ್ದವು. ಕನಸಿನಲ್ಲಿ ಭಟ್ಟಿ ಮತ್ತೆ ಸೌದೆಯದು. ಉಸ್ತಾದರು ಹೊಗೆಯೊಳಗಿಂದ ಕಡ್ಡಿ ಚಾಚುತ್ತಿದ್ದರು. ವಾಸನೆ ಬರುತ್ತಿತ್ತು, ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಎಳೆಬಿಸಿಲಲ್ಲಿ ನಿಂತ ಹಾಗೆ ಮೈಗೆಲ್ಲ ತಾಗುತ್ತಿತ್ತು. "ಏನಿದು, ಹೇಳಲೇ ಬಸ್ಯಾ?" ಎಂದು ಅವರು ಕೇಳಿದರೆ, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಎದ್ದರೆ ಎಲ್ಲದರ ಹೆಸರೂ ಗೊತ್ತು, ವಾಸನೆ ಒಂದೂ ಇಲ್ಲ. ಎಚ್ಚರಕ್ಕೂ ಕನಸಿಗೂ ನಡುವೆ ಯಾರೋ ನನ್ನ ಆಸ್ತಿಯನ್ನು ಸರಿಯಾಗಿ ಅರ್ಧರ್ಧ ಪಾಲು ಮಾಡಿಕೊಟ್ಟಿದ್ದರು.

ಬೇಸಿಗೆಯ ಕೊನೆಯಲ್ಲಿ ಹಾಲಮ್ಮ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಸಮಾಚಾರ ಕೇಳಿ ಬುಟ್ಟಿಯ ಪಕ್ಕದಲ್ಲಿ ಕೂತು, "ನಮ್ಮ ಮಂದಿಗಿ ಸೇರಿದ್ರಿ ಬಿಡ್ರಿ ಅಣ್ಣಾರ" ಅಂದಳು. ಆಮೇಲೆ, "ಹೂವು ತರ್ಲೋ ಬ್ಯಾಡೋ?"

ನಾನು ಊಟದ ಡಬ್ಬಿ ತಂದಿದ್ದ ಶಾಂತಾಳ ಮುಖ ನೋಡಿದೆ. "ತರ್ಲಿ ಬಿಡ್ರಿ. ಇಷ್ಟ್ ವರ್ಷ ನಿಮ್ಮ ಅಂಗಿ ಮೂಸೀನಿ, ಒಂದು ದಿನ ಬೆಣ್ಣಿ ಮೂಸಾಕ ಆಗಂಗಿಲ್ಲೇನು?" ಅಂದಳು. ಹೀಗೆ ವಾಸನೆ ಇಲಾಖೆಗೆ ಪ್ರಭಾರಿ ಅಧಿಕಾರಿಯ ನೇಮಕವಾಯಿತು.

ಬೆಣ್ಣೆಯ ಮೇಲೆ ಹೂವು ಬದಲಾಯಿಸಿದಾಗಲೆಲ್ಲ ಆಕೆ ಬಗ್ಗಿ ಮೂಸುತ್ತಿದ್ದಳು. "ಇನ್ನೂ ಬೆಣ್ಣಿನೇ ಮುಂದ ಐತಿ... ಈಗ ಇಬ್ರೂ ಜೋಡಿ ನಿಂತಾರ... ಸಾಕು, ಈಗ ಹೂವು ಮುಂದ ಬಂತು." ಇಷ್ಟು ಖಚಿತವಾಗಿ ನನ್ನ ಮೂಗು ಕೂಡ ನನಗೆ ವರದಿ ಕೊಟ್ಟಿರಲಿಲ್ಲ. ಕೈ ನನ್ನದು, ಮೂಗು ಆಕೆಯದು. ಒಂದೇ ಬನ್ನಿಗೆ ಗಂಡ ಹೆಂಡತಿ ಸೇರಿ ಒಬ್ಬ ಕೆಲಸಗಾರ.

ಸಂಜೆ ಕೋಣೆಯಲ್ಲಿ ಬನ್ನುಗಳ ಸಾಲು, ಬಟ್ಟೆ, ಮೊಗ್ಗು. ಹಾಲಮ್ಮ ತನ್ನ ಜೊತೆಯ ಹೆಂಗಸರನ್ನೂ ಕರೆತಂದಿದ್ದಳು. ಈ ಸಲ ಎಲ್ಲರೂ ಒಳಗೇ ಕೂತರು. ಬಾಗಿಲು ಮುಚ್ಚಿತ್ತು. ಒಂದೇ ದೀಪ. ಮೊಗ್ಗುಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು, ಬನ್ನುಗಳು ಚಿಟಿಚಿಟಿ ಎನ್ನುತ್ತಿದ್ದವು, ಯಾರೂ ಮಾತಾಡುತ್ತಿರಲಿಲ್ಲ. ಕೊನೆಯ ಒಂದು ಟ್ರೇ ಇನ್ನೂ ಪಕ್ಕದ ಭಟ್ಟಿಯಲ್ಲಿತ್ತು. ಅದರ ಮುಂದೆ ಸಾವ್ಕಾರರು ಕುರ್ಚಿ ಹಾಕಿಕೊಂಡು, "ನಾ ನೋಡ್ಕೊಂತೀನಿ ಹೋಗು" ಎಂದು ಕೂತಿದ್ದರು. ಶಾಂತಾ ಕಣ್ಣು ಮುಚ್ಚಿಕೊಂಡು, "ಎಷ್ಟು ಚೆಂದ ಐತ್ರಿ" ಎಂದಳು. ಅವಳ ಮುಖ ನೋಡಿ, ಓಹೋ, ಚೆನ್ನಾಗಿದೆ ಎಂದು ತಿಳಿದುಕೊಂಡೆ. ಹಾಲಮ್ಮ ಇಷ್ಟು ವರ್ಷ ಹೂವು ಹೇಗೆ ಮಾರಿದಳೆಂದು ಆಗ ಅರ್ಥವಾಯಿತು.

ಆಗ ಒಂದು ಎಳೆ ಬಂತು. ಬಹಳ ದೂರದಿಂದ, ಕಹಿಯಾಗಿ, ತೆಳ್ಳಗೆ. ಕೂತಲ್ಲೇ ನಿದ್ದೆ ಹತ್ತಿರಬೇಕು, ಇದು ಎಂದಿನ ಕನಸು, ಇನ್ನೇನು ಉಸ್ತಾದರು ಕೇಳುತ್ತಾರೆ, ನನ್ನ ಬಾಯಿ ಕಟ್ಟುತ್ತದೆ ಎಂದು ಕಾದೆ. ಬಾಯಿ ಕಟ್ಟಲಿಲ್ಲ. ಹೆಸರು ಬಂತು.

"ಸೀಯಾಕತ್ತೈತಿ!"

ಎಲ್ಲರೂ ಬೆಚ್ಚಿ ನೋಡಿದರು. ಶಾಂತಾ ಗಾಳಿಯನ್ನು ಎಳೆದು ನೋಡಿ, "ಏನೂ ಇಲ್ಲ ಸುಮ್ನಿರ್ರಿ, ಮಲ್ಲಿಗಿ ಬಿಟ್ರ ಏನೂ ಬರವಲ್ದು" ಅಂದಳು. ಸುಳ್ಳಲ್ಲ. ಆ ಕೋಣೆಯಲ್ಲಿದ್ದ ಎಲ್ಲ ಮೂಗುಗಳೂ ಮಲ್ಲಿಗೆಯಲ್ಲಿ ಮುಳುಗಿಹೋಗಿದ್ದವು. ಮುಳುಗದೆ ದಡದಲ್ಲಿ ಉಳಿದದ್ದು ಕೆಲಸ ಬಿಟ್ಟಿದ್ದ ನನ್ನ ಮೂಗೊಂದೇ.

ಬಾಗಿಲು ತೆಗೆದು ಓಡಿದೆ. ಸಾವ್ಕಾರರು ಕುರ್ಚಿಯಲ್ಲಿ ಗದ್ದ ಎದೆಗೆ ಇಟ್ಟು ಗೊರಕೆ ಹೊಡೆಯುತ್ತಿದ್ದರು. ಭಟ್ಟಿಯ ಸಂದಿಯಿಂದ ನೀಲಿ ಹೊಗೆ ಸಾವಕಾಶವಾಗಿ ಬರುತ್ತಿತ್ತು. ಟ್ರೇ ಎಳೆದೆ. ಬನ್ನುಗಳ ತಳ ಇದ್ದಿಲು.

"ಮೂಗು ಹೋಗೈತಿ ಅಂದಿದ್ರಲ್ರೀ ಅಣ್ಣಾರ?" ಹಿಂದೆಯೇ ಬಂದ ಹಾಲಮ್ಮ ಕೇಳಿದಳು. ಶಾಂತಾ ನನ್ನ ಮುಖ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೆ ಎಂದು ಆಮೇಲೆ ಹೇಳಿದಳು.

ಮಲ್ಲಿಗೆಯ ಬನ್ನುಗಳು ಹಡಗಲಿಗೆ ಹೋದವು. ಬದುವಿನಲ್ಲಿ ಕೂತ ಹೆಂಗಸರು ಎಂದಿನಂತೆ ಮೊದಲ ತುತ್ತಿಗೆ ಕಣ್ಣು ಮುಚ್ಚಿದರಂತೆ. ನನಗೆ ಏಲಕ್ಕಿ ಮೆಲ್ಲಗೆ ಬಂತು, ಹಿಂದೆ ಕಿತ್ತಳೆ ಬಂತು. ಮಲ್ಲಿಗೆ ಇನ್ನೂ ಬಂದಿಲ್ಲ. ಅದಕ್ಕೆ ನಾನು ಶಾಂತಾಳ ಮುಖ ನೋಡುತ್ತೇನೆ. ಉಸ್ತಾದರು ಮತ್ತೆ ಕನಸಿಗೆ ಬರಲಿಲ್ಲ. ಗೂಡು ನನ್ನದಾಗಿಯೇ ಉಳಿಯಿತು; ಒಂದೆರಡು ಬೇಸಿಗೆ ಕಳೆದು ನಾನಾಗಿಯೇ ಮನೆಯಲ್ಲಿ ಕೂತೆ. ಗೂಡಿನ ಕೀಲಿಕೈ ಈಗ ಶಾಂತಾಳ ಸೆರಗಿನ ತುದಿಯಲ್ಲಿದೆ, ಸಂಜೆ ಆಕೆಯ ಸೀರೆ ಮೂಸಿ ಬೇಕರಿಯ ದಿನಚರಿ ಓದುವ ಸರದಿ ನನ್ನದು. ಎಷ್ಟು ಹನಿ ಎಂದು ಕೇಳುವ ಮಕ್ಕಳು ಇನ್ನು ಮುಂದೆ ಆಕೆಯನ್ನು ಕೇಳಬಹುದು. ನನ್ನನ್ನು ಕೇಳಿದರೆ, ಮೊದಲು ಒಂದು ಉಂಡೆಯನ್ನು ಬೇಕೆಂದೇ ಸೀಯಿಸಿ ಮೂಸಿ ನೋಡಿ ಎನ್ನುತ್ತೇನೆ.

ಬನ್ನು ಸೀದ ಆ ಸಂಜೆ ಎಲ್ಲರೂ ಹೋದ ಮೇಲೆ ನಾನು ಬೇಕರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಕೈಯಲ್ಲಿ ಆ ಟ್ರೇಯ ಒಂದು ಬನ್ನು. ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ಮತ್ತೆ ಹಿಡಿಯುವುದು. ನಿದ್ದೆ ಹರಿದು ಹೊರಗೆ ಬಂದ ಸಾವ್ಕಾರರು ನಿಂತು ನೋಡಿದರು.

"ಏನಲೇ ಬಸಪ್ಪ, ಸೀದ ಬನ್ನಿಗಿ ಮುತ್ತು ಕೊಡಾಕತ್ತೀಯೇನು?"

"ಇಲ್ರಿ ಸಾವ್ಕಾರ್ರೇ," ಅಂದೆ. "ಮೂಗು ಕೆಲ್ಸಕ್ಕ ಬಂದೈತಿ. ಹಾಜರಿ ತಗೊಳ್ಳಾಕತ್ತೀನಿ."